ಜಮೀನಿಗೂ ಸವಕಳಿ ಉಂಟು

ನಮ್ಮ ಮಾಸಿಕದ ಈ ಪುಟಗಳಲ್ಲಿ ತೆರಿಗೆ, ಸಾಲ, ಲೆಕ್ಕಪತ್ರ ಮೊದಲಾದ ವಿಷಯಗಳನ್ನು ಓದುವ ರೂಢಿಯುಳ್ಳ ವರ್ತಕ ಬಂಧುಗಳಿಗೆ ಮಣ್ಣಿನ ಕುರಿತ ಲೇಖನವು ಅಚ್ಚರಿ ತರಬಹುದು. ಆದರೆ ಹುಬ್ಬಳ್ಳಿ, ಗದಗ, ರಾಣೆಬೆನ್ನೂರು, ದಾವಣಗೆರೆಗಳಂತಹ ಪೇಟೆಗಳ ವ್ಯಾಪಾರವೆಲ್ಲ ಕೊನೆಗೆ ನಿಂತಿರುವುದು ಸುತ್ತಲಿನ ಹೊಲಗಳ ಮೇಲೆ. ಅಡತಿ ಅಂಗಡಿ, ಜಿನ್ನಿಂಗ್ ಕಾರ್ಖಾನೆ, ಎಣ್ಣೆ ಗಾಣ, ಬೇಳೆ ಗಿರಣಿ, ಗೊಬ್ಬರದ ಮಳಿಗೆ ಇವೆಲ್ಲವುಗಳ ಕಚ್ಚಾ ಮಾಲು ಅಥವಾ ಗಿರಾಕಿ ಬರುವುದು ಹೊಲದಿಂದಲೇ. ಆದ್ದರಿಂದ ಮಣ್ಣಿನ ಫಲವತ್ತತೆಯು ಕೃಷಿ ಇಲಾಖೆಗೆ ಮಾತ್ರ ಸೇರಿದ ವಿಷಯವಲ್ಲ. ಅದು ನಮ್ಮೆಲ್ಲರ ಬಂಡವಾಳದ ವಿಷಯವಾಗಿದೆ.

ಲೆಕ್ಕಪತ್ರ ಶಾಸ್ತ್ರದ ಒಂದು ನಿಯಮವು ಓದುಗರಿಗೆ ತಿಳಿದೇ ಇದೆ. ಕಟ್ಟಡ, ಯಂತ್ರ, ವಾಹನಗಳ ಮೇಲೆ ಪ್ರತಿವರ್ಷ ಸವಕಳಿಯನ್ನು ಖರ್ಚು ಹಾಕುತ್ತೇವೆ. ಭೂಮಿಗೆ ಮಾತ್ರ ಹಾಕುವುದಿಲ್ಲ. ಕಲ್ಲುಗಣಿಯಂತಹ ಕೆಲವು ಅಪವಾದಗಳನ್ನು ಬಿಟ್ಟರೆ ಭೂಮಿಯ ಆಯುಸ್ಸು ಅಪರಿಮಿತವೆಂದು ಲೆಕ್ಕಪತ್ರ ಮಾನಕ 10 ಭಾವಿಸುತ್ತದೆ. ಕಾರ್ಖಾನೆಯ ನಿವೇಶನದ ಮಟ್ಟಿಗೆ ಇದು ಸರಿಯೇ, ಏಕೆಂದರೆ ಅಲ್ಲಿ ಭೂಮಿಯು ಕೇವಲ ನೆಲೆ. ರೈತನ ಪಾಲಿಗಾದರೋ ಭೂಮಿಯೇ ಯಂತ್ರ. ಯಂತ್ರವು ಸವೆಯುತ್ತದೆ. ಕನ್ನಡದಲ್ಲಿ ಯಂತ್ರದ ಮೌಲ್ಯ ಕುಗ್ಗುವುದಕ್ಕೂ ಹೊಲದ ಮಣ್ಣು ಕೊಚ್ಚಿಹೋಗುವುದಕ್ಕೂ ಸವಕಳಿ ಎಂಬ ಒಂದೇ ಪದವಿದೆ. ನಮ್ಮ ವೃತ್ತಿಯವರು ಈ ಪದದ ಒಂದು ಅರ್ಥವನ್ನು ಮಾತ್ರ ಕಲಿತು, ಇನ್ನೊಂದನ್ನು ರೈತನಿಗೆ ಬಿಟ್ಟುಬಿಟ್ಟೆವು.

ನಾನು ಮಾಡಿದ ತಪ್ಪು ಲೆಕ್ಕ

ಈ ಮಾತನ್ನು ಪರೋಪದೇಶಕ್ಕಾಗಿ ಹೇಳುತ್ತಿಲ್ಲ. ಕುಂದಗೋಳ ತಾಲೂಕಿನಲ್ಲಿ ನಮ್ಮ ಮನೆತನದ ಹನ್ನೆರಡು ಎಕರೆ ಎರೆಹೊಲವಿದೆ. ಅಣ್ಣನವರು ಅದನ್ನು ಉಳುತ್ತಾರೆ. ಖರ್ಚುವೆಚ್ಚದ ಲೆಕ್ಕ ನನ್ನದು. 2001ರಲ್ಲಿ ದನದ ಕೊಟ್ಟಿಗೆಯ ಲೆಕ್ಕವನ್ನು ಪ್ರತ್ಯೇಕವಾಗಿ ತೆಗೆದೆ. ಮೇವು, ಹಿಂಡಿ ಮತ್ತು ಆಳಿನ ಸಂಬಳ ಒಂದು ಬದಿಗೆ, ಹಾಲಿನ ಉತ್ಪನ್ನ ಇನ್ನೊಂದು ಬದಿಗೆ. ಪ್ರತಿವರ್ಷ ನಷ್ಟವೇ ಕಂಡಿತು. ಎರಡು ಜೋಡಿ ಎತ್ತು ಮತ್ತು ಮೂರು ಎಮ್ಮೆಗಳನ್ನು ಮಾರಿ, ಉಳುಮೆಗೆ ಬಾಡಿಗೆ ಟ್ರ್ಯಾಕ್ಟರ್ ಹಿಡಿಯುವುದು ಲೇಸೆಂದು ಬರೆದುಕೊಟ್ಟೆ.

ಅಣ್ಣನವರು ಕಾಗದವನ್ನು ಎರಡು ಸಲ ನೋಡಿ, “ತಮ್ಮಾ, ತಿಪ್ಪಿ ಲೆಕ್ಕ ಹಿಡದಿಲ್ಲಲ್ಲ ನೀ” ಎಂದರು. ತಿಪ್ಪೆಗೆ ಬಿಲ್ಲೂ ಇಲ್ಲ, ಪಾವತಿಯೂ ಇಲ್ಲ, ಲೆಕ್ಕಕ್ಕೆ ಹೇಗೆ ಹಿಡಿಯುವುದೆಂದು ನಾನು ನಕ್ಕೆ. ದನಗಳು ಮಾರಾಟವಾದವು.

ಮೊದಲ ಆರೇಳು ವರ್ಷ ನನ್ನ ಲೆಕ್ಕವೇ ಸರಿಯೆನಿಸಿತು. ಇಳುವರಿ ತಗ್ಗಲಿಲ್ಲ, ಖರ್ಚು ತಗ್ಗಿತು, ಲಾಭ ಹೆಚ್ಚಿತು. ಅನಂತರ ಅದೇ ಬೆಳೆಗೆ ಯೂರಿಯಾ ಒಂದು ಚೀಲವಿದ್ದದ್ದು ಎರಡಾಯಿತು. ಮಳೆ ನೀರು ಇಂಗುವ ಬದಲು ಹರಿದುಹೋಗತೊಡಗಿತು. ಹದ ಬೇಗನೆ ಆರಿ ಹಿಂಗಾರಿ ಜೋಳ ಸೊರಗಿತು. 2016ರಲ್ಲಿ ಮಣ್ಣು ಪರೀಕ್ಷೆಯ ಚೀಟಿ ಬಂದಾಗ ಸಾವಯವ ಇಂಗಾಲ ಶೇಕಡಾ 0.36 ಎಂದಿತ್ತು, ಸತುವಿನ ಕೊರತೆಯನ್ನೂ ನಮೂದಿಸಿತ್ತು. ಶೇಕಡಾ 0.50ಕ್ಕಿಂತ ಕಡಿಮೆಯಿದ್ದರೆ ಕನಿಷ್ಠ, 0.50ರಿಂದ 0.75ರವರೆಗೆ ಮಧ್ಯಮ, ಅದಕ್ಕೂ ಮೇಲಿದ್ದರೆ ಉತ್ತಮ ಎಂಬುದು ವಾಡಿಕೆಯ ವರ್ಗೀಕರಣ. ನಾನು ಲಾಭವೆಂದು ಬರೆದಿದ್ದರಲ್ಲಿ ಒಂದು ಭಾಗವು ಅಸಲಿನ ಹಿಂಪಡೆತವಾಗಿತ್ತೆಂಬುದು ಆಗ ಮನವರಿಕೆಯಾಯಿತು.

ಮೊದಲ ವರ್ಷಗಳ ಲಾಭ ಎಲ್ಲಿಂದ ಬಂತು?

ಇದರ ಲೆಕ್ಕವು ಕಠಿಣವಲ್ಲ. ಒಂದು ಎಕರೆಯ ಮೇಲ್ಪದರದ ಆರು ಅಂಗುಲ ಮಣ್ಣು ಸುಮಾರು 900 ಟನ್ ತೂಗುತ್ತದೆ. ಅದರಲ್ಲಿ ಸಾವಯವ ಇಂಗಾಲವು ಶೇಕಡಾ 0.1ರಷ್ಟು ಇಳಿಯಿತೆಂದರೆ 900 ಕಿಲೋ ಇಂಗಾಲ ಕರಗಿತೆಂದು ಅರ್ಥ. ಮಣ್ಣಿನ ಸಾವಯವ ಪದಾರ್ಥದಲ್ಲಿ ಹತ್ತರಿಂದ ಹನ್ನೆರಡು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕವಿರುತ್ತದೆ. ಆದ್ದರಿಂದ ಅಷ್ಟು ಇಂಗಾಲ ಕರಗುವಾಗ ಎಕರೆಗೆ 75ರಿಂದ 90 ಕಿಲೋ ಸಾರಜನಕ ಬಿಡುಗಡೆಯಾಗುತ್ತದೆ. ಬೆಳೆಯು ಇದರಲ್ಲಿ ಸಾಕಷ್ಟನ್ನು ಉಣ್ಣುತ್ತದೆ. ರೈತನಿಗೆ ಇದು ಪುಕ್ಕಟೆ ಗೊಬ್ಬರದಂತೆ ಕಾಣುತ್ತದೆ. ವಾಸ್ತವದಲ್ಲಿ ಇದು ಠೇವಣಿಯನ್ನು ಮುರಿದು ಮನೆ ನಡೆಸಿದಂತೆ. ಠೇವಣಿ ಇರುವವರೆಗೆ ಮನೆಯಲ್ಲಿ ಕೊರತೆಯ ಸುಳಿವೇ ಇರುವುದಿಲ್ಲ.

ಸಾವಯವ ಪದಾರ್ಥವು ಪೋಷಕಾಂಶಗಳ ಕಣಜ ಮಾತ್ರವಲ್ಲ. ಮಣ್ಣಿನ ಕಣಗಳನ್ನು ಹರಳುಗಟ್ಟಿಸಿ, ನೀರು ಇಂಗುವಂತೆ ಮಾಡಿ, ಇಂಗಿದ ನೀರನ್ನು ಹಿಡಿದಿಡುವ ಕೆಲಸವೂ ಅದರದೇ. ಮಳೆಯಾಶ್ರಿತ ಎರೆಭೂಮಿಯಲ್ಲಿ ಹಿಂಗಾರಿ ಬೆಳೆ ನಿಲ್ಲುವುದು ಮಣ್ಣಿನಲ್ಲಿ ಉಳಿದ ಹಸಿಯ ಮೇಲೆಯೇ. ಹಸಿ ನಿಲ್ಲದ ಹೊಲಕ್ಕೆ ಎಷ್ಟು ಚೀಲ ಯೂರಿಯಾ ಚೆಲ್ಲಿದರೂ ಪ್ರಯೋಜನವಿಲ್ಲ.

ಹಾಗೆಂದು ರಾಸಾಯನಿಕ ಗೊಬ್ಬರವನ್ನು ಶತ್ರುವೆಂದು ಭಾವಿಸುವುದು ತಪ್ಪು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 1970ರ ದಶಕದ ಆರಂಭದಿಂದ ದೇಶದ ಹಲವು ಕೇಂದ್ರಗಳಲ್ಲಿ ದೀರ್ಘಾವಧಿ ಗೊಬ್ಬರ ಪ್ರಯೋಗಗಳನ್ನು ನಡೆಸುತ್ತ ಬಂದಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿಯೂ ರಾಗಿ ಮತ್ತು ಮೆಕ್ಕೆಜೋಳದ ಸರದಿಯಲ್ಲಿ ಇಂತಹ ಪ್ರಯೋಗವಿದೆ. ಇವುಗಳ ಒಟ್ಟು ಪಾಠ ಸ್ಪಷ್ಟವಾಗಿದೆ. ಸಾರಜನಕವೊಂದನ್ನೇ ಕೊಟ್ಟ ತಾಕುಗಳ ಇಳುವರಿ ಕಾಲಕ್ರಮದಲ್ಲಿ ಕುಸಿಯುತ್ತದೆ; ಆಮ್ಲೀಯ ಮಣ್ಣಿನಲ್ಲಿ ಈ ಕುಸಿತ ಇನ್ನೂ ತೀವ್ರ. ಸಮತೋಲಿತ ರಾಸಾಯನಿಕ ಗೊಬ್ಬರದ ಜೊತೆಗೆ ಕೊಟ್ಟಿಗೆ ಗೊಬ್ಬರವನ್ನೂ ಕೊಟ್ಟ ತಾಕುಗಳು ಇಳುವರಿಯನ್ನು ಚೆನ್ನಾಗಿ ಉಳಿಸಿಕೊಳ್ಳುತ್ತವೆ.

ಬೆಲೆಯು ದಾರಿ ತಪ್ಪಿಸುವ ಬಗೆ

ಇಷ್ಟು ತಿಳಿದಿದ್ದರೂ ರೈತನು ಯೂರಿಯಾದತ್ತಲೇ ವಾಲುವುದೇಕೆ? ಉತ್ತರವು ಬೆಲೆಯಲ್ಲಿದೆ. 2010ರ ಏಪ್ರಿಲ್‌ನಿಂದ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳಿಗೆ ಪೋಷಕಾಂಶ ಆಧಾರಿತ ಸಹಾಯಧನ ಪದ್ಧತಿ ಬಂದಿತು. ಯೂರಿಯಾ ಮಾತ್ರ ಸರ್ಕಾರದ ಬೆಲೆ ನಿಯಂತ್ರಣದಲ್ಲಿಯೇ ಉಳಿಯಿತು. 2018ರಲ್ಲಿ 50 ಕಿಲೋ ಚೀಲವನ್ನು 45 ಕಿಲೋಗೆ ಇಳಿಸಲಾಯಿತು. ಅದರ ಬೆಲೆ ಬೇವಿನ ಲೇಪ ಮತ್ತು ತೆರಿಗೆ ಸೇರಿ ಸುಮಾರು 266 ರೂಪಾಯಿ.

ಈಗ ಹೋಲಿಕೆ ಮಾಡೋಣ. ಸಾಧಾರಣ ಕೊಟ್ಟಿಗೆ ಗೊಬ್ಬರದಲ್ಲಿ ಶೇಕಡಾ 0.5ರಷ್ಟು ಸಾರಜನಕವಿರುತ್ತದೆ. ಐದು ಟನ್ ಗೊಬ್ಬರದಲ್ಲಿ 25 ಕಿಲೋ ಆಯಿತು. ಯೂರಿಯಾದಲ್ಲಿ ಸಾರಜನಕ ಶೇಕಡಾ 46. ಅದೇ 25 ಕಿಲೋ ಸಾರಜನಕಕ್ಕೆ 54 ಕಿಲೋ ಯೂರಿಯಾ ಸಾಕು. ಅದರ ಬೆಲೆ ಸುಮಾರು 320 ರೂಪಾಯಿ. ಐದು ಟನ್ ಗೊಬ್ಬರವನ್ನು ಹೇರಿ, ಸಾಗಿಸಿ, ಹೊಲದಲ್ಲಿ ಹರಡುವ ಕೂಲಿಗೂ ಈ ಹಣ ಸಾಲದು. ಸಾರಜನಕವೊಂದನ್ನೇ ಎಣಿಸಿದರೆ ತಿಪ್ಪೆಯು ನಷ್ಟದ ಬಾಬತ್ತೇ ಸರಿ. ನಾನು 2001ರಲ್ಲಿ ಮಾಡಿದ ತಪ್ಪು ಇದೇ. ತಿಪ್ಪೆಯಲ್ಲಿನ ರಂಜಕ, ಪೊಟ್ಯಾಷ್, ಸತು, ಗಂಧಕಗಳನ್ನೂ, ಎಲ್ಲಕ್ಕೂ ಮಿಗಿಲಾಗಿ ಇಂಗಾಲವನ್ನೂ ನಾನು ಎಣಿಸಲಿಲ್ಲ.

ಯೂರಿಯಾದ ಅಗ್ಗದ ಬೆಲೆಯೂ ಪುಕ್ಕಟೆಯದಲ್ಲ. 2022-23ನೆಯ ಸಾಲಿನಲ್ಲಿ ಕೇಂದ್ರ ಸರ್ಕಾರದ ರಸಗೊಬ್ಬರ ಸಹಾಯಧನದ ಒಟ್ಟು ಹೊರೆ ಎರಡೂವರೆ ಲಕ್ಷ ಕೋಟಿ ರೂಪಾಯಿಗಳ ಆಸುಪಾಸಿನಲ್ಲಿತ್ತು. ತೆರಿಗೆ ಕಟ್ಟುವ ನಾವೆಲ್ಲರೂ ಅದರ ಪಾಲುದಾರರು.

ಬಡ್ಡಿ ಯಾವುದು, ಅಸಲು ಯಾವುದು?

ವರ್ತಕರು ಮತ್ತು ಸಣ್ಣ ಉದ್ಯಮಿಗಳು ವಿಶೇಷವಾಗಿ ಗಮನಿಸಬೇಕಾದ ಅಂಶ ಮುಂದಿದೆ. ಹೊಲದಿಂದ ಪೇಟೆಗೆ ಬರುವ ಮಾಲಿನಲ್ಲಿ ಎರಡು ಭಾಗಗಳಿವೆ. ಗಾಳಿ, ನೀರು, ಬಿಸಿಲಿನಿಂದ ಬೆಳೆಯು ಕಟ್ಟಿದ ಭಾಗ ಒಂದು. ಮಣ್ಣಿನಿಂದ ಎತ್ತಿದ ಭಾಗ ಇನ್ನೊಂದು. ಮೊದಲನೆಯದನ್ನು ಬಡ್ಡಿಯೆಂದೂ ಎರಡನೆಯದನ್ನು ಅಸಲೆಂದೂ ಕರೆಯೋಣ.

ಹತ್ತಿಯನ್ನು ನೋಡಿರಿ. ಜಿನ್ನಿಂಗ್ ಮಾಡಿದಾಗ ಮೂರನೇ ಒಂದು ಪಾಲು ಅರಳೆ, ಉಳಿದದ್ದು ಹೆಚ್ಚಾಗಿ ಕಾಳು. ಅರಳೆಯ ಶೇಕಡಾ 90ಕ್ಕೂ ಮಿಕ್ಕ ಭಾಗ ಸೆಲ್ಯುಲೋಸ್, ಅಂದರೆ ಇಂಗಾಲ, ಜಲಜನಕ ಮತ್ತು ಆಮ್ಲಜನಕಗಳ ಕೂಟ. ಅದು ದೇಶಾಂತರಕ್ಕೆ ಹೋದರೂ ಹೊಲಕ್ಕೆ ಹೆಚ್ಚಿನ ನಷ್ಟವಿಲ್ಲ. ಹೊಲದ ಅಸಲೆಲ್ಲ ಕಾಳಿನಲ್ಲಿದೆ.

ಎಣ್ಣೆಯೂ ಹಾಗೆಯೇ. ಗಾಣದಿಂದ ಇಳಿದ ಶೇಂಗಾ ಎಣ್ಣೆಯಲ್ಲಿ ಮಣ್ಣಿನ ಪೋಷಕಾಂಶ ಇಲ್ಲವೆಂದೇ ಹೇಳಬಹುದು. ಶೇಂಗಾ ಹಿಂಡಿಯಲ್ಲಾದರೋ ಶೇಕಡಾ 7ರ ಆಸುಪಾಸಿನ ಸಾರಜನಕವಿದೆ. ಸಕ್ಕರೆಯೂ ಬಡ್ಡಿಯೇ. ಕಬ್ಬು ಮಣ್ಣಿನಿಂದ ಎತ್ತಿದ್ದು ಪ್ರೆಸ್‌ಮಡ್, ಕಾಕಂಬಿ, ಬೂದಿ ಮತ್ತು ಹೊಲದಲ್ಲಿ ಉಳಿದ ರವದಿಯಲ್ಲಿದೆ. ರವದಿಗೆ ಬೆಂಕಿಯಿಟ್ಟರೆ ಪೊಟ್ಯಾಷ್ ಬೂದಿಯಲ್ಲಿ ಉಳಿಯಬಹುದು. ಸಾರಜನಕದ ಬಹುಪಾಲು ಮತ್ತು ಇಂಗಾಲ ಹೊಗೆಯಾಗಿ ಹೋಗುತ್ತವೆ.

ಕಾಳುಕಡಿಗಳ ವಿಷಯ ಬೇರೆ. ಮೆಕ್ಕೆಜೋಳದಲ್ಲಿ ಪ್ರೋಟೀನು ಸುಮಾರು ಶೇಕಡಾ 9 ಎಂದು ಹಿಡಿಯಿರಿ. ಪ್ರೋಟೀನಿನ ತೂಕವನ್ನು 6.25ರಿಂದ ಭಾಗಿಸಿದರೆ ಸಾರಜನಕದ ತೂಕ ದೊರೆಯುತ್ತದೆ. ಹತ್ತು ಟನ್ನಿನ ಒಂದು ಲಾರಿ ಮೆಕ್ಕೆಜೋಳದಲ್ಲಿ 900 ಕಿಲೋ ಪ್ರೋಟೀನು, ಅಂದರೆ 144 ಕಿಲೋ ಸಾರಜನಕವಿರುತ್ತದೆ. ಏಳು ಚೀಲ ಯೂರಿಯಾದಲ್ಲಿರುವಷ್ಟು ಸಾರಜನಕ ಅದು. ಮಾರುಕಟ್ಟೆ ಪ್ರಾಂಗಣದಿಂದ ಕೋಳಿ ಆಹಾರದ ಕಾರ್ಖಾನೆಗೆ ಹೊರಟ ಪ್ರತಿ ಲಾರಿಯೂ ಇಷ್ಟನ್ನು ಹೊತ್ತೊಯ್ಯುತ್ತದೆ. ಕೋಳಿಯ ಗೊಬ್ಬರವು ಅದೇ ಹೊಲಗಳಿಗೆ ಹಿಂದಿರುಗುವುದು ಅಪರೂಪ.

ಒಟ್ಟಿನಲ್ಲಿ ನಿಯಮವು ಸರಳ. ಬಡ್ಡಿಯನ್ನು ಮಾರಬಹುದು. ಅಸಲನ್ನು ಮಾರಿದರೆ ಅಷ್ಟನ್ನು ಯಾವುದಾದರೂ ರೂಪದಲ್ಲಿ ಹೊಲಕ್ಕೆ ಮರಳಿ ಜಮಾ ಮಾಡಬೇಕು. ನಮ್ಮ ಹಿರಿಯರು ಹಿಂಡಿಯನ್ನು ದನಕ್ಕೆ ತಿನ್ನಿಸಿ, ಸಗಣಿಯನ್ನು ತಿಪ್ಪೆಗೆ ಹಾಕಿ, ತಿಪ್ಪೆಯನ್ನು ಹೊಲಕ್ಕೆ ಹೇರುತ್ತಿದ್ದುದು ಇದೇ ಜಮಾ ನಮೂದು.

ಜಮಾ ಮಾಡುವ ಐದು ವಿಧಾನಗಳು

ಮೊದಲನೆಯದು ಅಳತೆ. 2015ರ ಫೆಬ್ರವರಿಯಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಡಿ ಹನ್ನೆರಡು ಅಂಶಗಳನ್ನು ಪರೀಕ್ಷಿಸಲಾಗುತ್ತದೆ. ಇವುಗಳಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಮತ್ತು ಗಂಧಕದ ಜೊತೆಗೆ ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ ಮತ್ತು ಸಾವಯವ ಇಂಗಾಲ ಸೇರಿವೆ. ಇದು ಹೊಲದ ಅಢಾವೆ ಪತ್ರಿಕೆ. ಎರಡು ಮೂರು ವರ್ಷಕ್ಕೊಮ್ಮೆಯಾದರೂ ಇದನ್ನು ತಯಾರಿಸದೆ ಲಾಭ ನಷ್ಟ ಹೇಳುವುದು ಸಾಧ್ಯವಿಲ್ಲ.

ಎರಡನೆಯದು ಸಾವಯವ ಪದಾರ್ಥದ ಮರುಪೂರಣ. ಕೊಟ್ಟಿಗೆ ಗೊಬ್ಬರ, ಕುರಿ ಹಿಂಡನ್ನು ಹೊಲದಲ್ಲಿ ನಿಲ್ಲಿಸುವುದು, ಕೆರೆಯ ಗೋಡು, ಸೆಣಬು ಅಥವಾ ಡಯಂಚವನ್ನು ಬೆಳೆಸಿ ಹೂವಿನ ಹೊತ್ತಿಗೆ ಮಣ್ಣಿಗೆ ಸೇರಿಸುವುದು, ಬದುವಿನ ಮೇಲಿನ ಗ್ಲಿರಿಸಿಡಿಯಾ ಮತ್ತು ಹೊಂಗೆಯ ಸೊಪ್ಪು ಇವೆಲ್ಲ ಈ ಬಾಬತ್ತಿಗೆ ಸೇರುತ್ತವೆ. ಹಾಕಿದ ಇಂಗಾಲದ ಹೆಚ್ಚಿನ ಭಾಗವು ಕೊಳೆತು ಗಾಳಿಗೆ ಹೋಗುತ್ತದೆ. ಸ್ವಲ್ಪ ಮಾತ್ರ ಮಣ್ಣಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಇದು ಒಂದು ವರ್ಷದ ಕೆಲಸವಲ್ಲ.

ಮೂರನೆಯದು ಬೆಳೆಗಳ ಸರದಿ. ದ್ವಿದಳ ಧಾನ್ಯಗಳ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಬೆಳೆಗೆ ಒದಗಿಸುತ್ತವೆ. ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ ಎಂಬ ನಮ್ಮ ಭಾಗದ ಪದ್ಧತಿ, ಹಳೆಯ ಮೈಸೂರು ಸೀಮೆಯ ರಾಗಿಯ ನಡುವಿನ ಅಕ್ಕಡಿ ಸಾಲು ಇವೆಲ್ಲ ಅನುಭವದಿಂದ ರೂಪುಗೊಂಡ ಹಣಕಾಸು ಯೋಜನೆಗಳೇ ಸರಿ. ವರ್ಷ ವರ್ಷವೂ ಒಂದೇ ಬೆಳೆಯನ್ನು ಬೆಳೆಯುವುದು ಒಬ್ಬನೇ ಗಿರಾಕಿಗೆ ಎಲ್ಲ ಮಾಲನ್ನೂ ಉದ್ದರಿ ಕೊಟ್ಟಂತೆ.

ನಾಲ್ಕನೆಯದು ಸಮತೋಲನ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ರಸಾಯನಶಾಸ್ತ್ರಜ್ಞ ಲೀಬಿಗ್ ಪ್ರಚುರಪಡಿಸಿದ ಕನಿಷ್ಠಾಂಶದ ನಿಯಮದಂತೆ, ಬೆಳೆಯ ಮಿತಿಯನ್ನು ನಿರ್ಧರಿಸುವುದು ಅತ್ಯಂತ ಕೊರತೆಯಿರುವ ಪೋಷಕಾಂಶ. ಸತುವಿನ ಕೊರತೆಯಿದ್ದ ಹೊಲಕ್ಕೆ ಹೆಚ್ಚುವರಿ ಯೂರಿಯಾ ವ್ಯರ್ಥ. ಕರ್ನಾಟಕ ಸರ್ಕಾರವು 2009ರಲ್ಲಿ ಇಕ್ರಿಸ್ಯಾಟ್ ಸಂಸ್ಥೆಯ ಸಹಯೋಗದೊಡನೆ ಆರಂಭಿಸಿದ ಭೂಚೇತನ ಯೋಜನೆಯು ನಮ್ಮ ಮಳೆಯಾಶ್ರಿತ ಜಮೀನುಗಳಲ್ಲಿ ಗಂಧಕ, ಸತು, ಬೋರಾನ್‌ಗಳ ವ್ಯಾಪಕ ಕೊರತೆಯನ್ನು ಬೆಳಕಿಗೆ ತಂದು, ಅವುಗಳ ಬಳಕೆಯನ್ನು ರೂಢಿಗೆ ತಂದಿತು.

ಐದನೆಯದು ಸೋರಿಕೆಯ ತಡೆ. ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡುವುದು, ಒಡ್ಡು ಮತ್ತು ಬದುಗಳನ್ನು ದುರಸ್ತಿಯಲ್ಲಿಡುವುದು ಮಳೆಯಾಶ್ರಿತ ಹೊಲಗಳಿಗೆ ಅತ್ಯಗತ್ಯ. ಒಂದು ರಭಸದ ಮಳೆಗೆ ಕೊಚ್ಚಿಹೋಗುವ ಮೇಲ್ಮಣ್ಣಿನಲ್ಲಿಯೇ ಫಲವತ್ತತೆಯ ಸಾರವಿರುತ್ತದೆ. ನೀರಾವರಿ ಪ್ರದೇಶದ ಸಮಸ್ಯೆ ಇದಕ್ಕೆ ವಿರುದ್ಧ. ತುಂಗಭದ್ರಾ ಅಚ್ಚುಕಟ್ಟಿನ ಹಲವೆಡೆ ಅತಿಯಾದ ನೀರು ಮತ್ತು ಬಸಿಗಾಲುವೆಯ ಕೊರತೆಯಿಂದ ಜಮೀನು ಜೌಗಾಗಿ, ಲವಣ ಮೇಲೇರಿದೆ. ಅಲ್ಲಿ ನೀರನ್ನು ಮಿತಗೊಳಿಸಿ ಬಸಿಯಲು ದಾರಿ ಮಾಡುವುದೇ ಮೊದಲ ಮರುಪೂರಣ.

ವರ್ತಕರ ಪಾಲು

ಇನ್ನು ನಾವು ಮಾಡಬಹುದಾದದ್ದೇನು? ಗೊಬ್ಬರದ ವ್ಯಾಪಾರಸ್ಥರು ಗಿರಾಕಿಯಿಂದ ಮೊದಲು ಮಣ್ಣು ಪರೀಕ್ಷೆಯ ಚೀಟಿಯನ್ನು ಕೇಳುವ ಅಭ್ಯಾಸ ಮಾಡಿಕೊಳ್ಳಲಿ. ಯೂರಿಯಾ ಒಂದು ಚೀಲ ಕಡಿಮೆ ಮಾರಿ ಸತುವಿನ ಸಲ್ಫೇಟ್ ಮಾರಿದರೆ ವ್ಯಾಪಾರ ಕುಗ್ಗುವುದಿಲ್ಲ. ಬಾಕಿ ವಸೂಲಿ ಸುಗಮವಾಗುತ್ತದೆ. ಬೆಳೆ ಕೈಕೊಟ್ಟ ರೈತನ ಖಾತೆಯೇ ನಮ್ಮ ವಸೂಲಾಗದ ಬಾಕಿ ಎಂಬುದನ್ನು ಅಡತಿ ಬಂಧುಗಳಿಗೆ ಹೇಳಬೇಕಾಗಿಲ್ಲ.

ಎಣ್ಣೆ ಗಾಣ, ಬೇಳೆ ಗಿರಣಿ, ಜಿನ್ನಿಂಗ್ ಕಾರ್ಖಾನೆಗಳವರು ತಮ್ಮ ಹಿಂಡಿ, ಹೊಟ್ಟು, ಕಸವನ್ನು ವಿಲೇವಾರಿಯ ಮಾಲೆಂದು ತಿಳಿಯದೆ, ಅದರಲ್ಲಿ ಸ್ವಲ್ಪವಾದರೂ ಮಾಲು ಬಂದ ಹಳ್ಳಿಗಳ ಹೈನು ಸಂಘಗಳಿಗೂ ರೈತರ ಗುಂಪುಗಳಿಗೂ ಮೊದಲ ಹಕ್ಕಿನಲ್ಲಿ ದೊರೆಯುವಂತೆ ಮಾಡಬಹುದು. ಅದೇ ಹೊಲಗಳಿಂದ ಮುಂದಿನ ಹತ್ತು ವರ್ಷ ಮಾಲು ಬರಬೇಕೆಂಬ ಸ್ವಾರ್ಥವಿದ್ದರೆ ಸಾಕು.

ಕಾಂಪೋಸ್ಟ್ ಅಥವಾ ಎರೆಹುಳು ಗೊಬ್ಬರ ತಯಾರಿಕೆಗೆ ಇಳಿಯುವ ಸಣ್ಣ ಉದ್ಯಮಿಗಳಿಗೆ ಒಂದು ಎಚ್ಚರಿಕೆಯ ಮಾತು. ಈ ಮಾಲುಗಳೂ ರಸಗೊಬ್ಬರ ನಿಯಂತ್ರಣ ಆದೇಶ, 1985ರ ವ್ಯಾಪ್ತಿಗೆ ಬರುತ್ತವೆ. ತೇವಾಂಶ, ಸಾವಯವ ಇಂಗಾಲ, ಸೀಸ ಮತ್ತು ಕ್ಯಾಡ್ಮಿಯಂನಂತಹ ಭಾರಲೋಹಗಳ ಮಿತಿ ಇವುಗಳಿಗೆ ನಿಗದಿತ ಮಾನಕಗಳಿವೆ. ಅರೆಕೊಳೆತ ಕಸಕ್ಕೆ ಚೆಂದದ ಚೀಲ ತೊಡಿಸಿ ಮಾರಿದರೆ ಕಾನೂನಿನ ತೊಡಕು ಒಂದೆಡೆಯಾದರೆ, ಆ ಮಾಲಿನ ಮೇಲೆ ರೈತನ ನಂಬಿಕೆಯೇ ಹೋಗುವ ಅಪಾಯ ಇನ್ನೊಂದೆಡೆ.

ಸರಿಪಡಿಸಿದ ಲೆಕ್ಕ

ನಮ್ಮ ಹೊಲದ ಕಥೆಯನ್ನು ಮುಗಿಸಿ ವಿರಮಿಸುತ್ತೇನೆ. 2016ರ ಬಳಿಕ ಅಣ್ಣನವರು ಒಂದು ಜೋಡಿ ಎತ್ತು ಮತ್ತು ಎರಡು ಎಮ್ಮೆಗಳನ್ನು ಕೊಂಡರು. ನಾನು ಮಾರಿಸಿದ ಬೆಲೆಯ ಹಲವು ಪಟ್ಟು ಹಣ ತೆರಬೇಕಾಯಿತು. ಪ್ರತಿವರ್ಷ ಮೂರು ಎಕರೆಗೆ ಸರದಿಯಂತೆ ತಿಪ್ಪೆಗೊಬ್ಬರ ಬೀಳುತ್ತದೆ. ಹೆಸರಿನ ಬಳ್ಳಿಯನ್ನು ಸುಡದೆ ಮಣ್ಣಿಗೆ ಸೇರಿಸುತ್ತಾರೆ. ಒಡ್ಡುಗಳು ದುರಸ್ತಿಯಾಗಿವೆ. 2022ರಲ್ಲಿ ಮತ್ತೆ ಪರೀಕ್ಷೆ ಮಾಡಿಸಿದಾಗ ಸಾವಯವ ಇಂಗಾಲ ಶೇಕಡಾ 0.44 ಬಂದಿತು. ಆರು ವರ್ಷದ ಶ್ರಮಕ್ಕೆ ದೊರೆತದ್ದು ಅಷ್ಟೇ; ಹೊಲವು ಇನ್ನೂ ಕನಿಷ್ಠ ವರ್ಗದಲ್ಲಿಯೇ ಇದೆ. 2023ರ ಬರಗಾಲದಲ್ಲಿ ನಮಗೂ ನಷ್ಟವಾಯಿತು. ಆದರೂ ಗೊಬ್ಬರ ಬಿದ್ದ ಎಕರೆಗಳ ಕಡಲೆ, ಬೀಳದ ಎಕರೆಗಳಿಗಿಂತ ಹೆಚ್ಚು ದಿನ ಹಸಿರಾಗಿ ನಿಂತದ್ದನ್ನು ಕಣ್ಣಾರೆ ಕಂಡೆ.

ಈಗ ಮನೆತನದ ಲೆಕ್ಕದ ವಹಿಯಲ್ಲಿ ಒಂದು ಹೊಸ ಖಾತೆ ತೆರೆದಿದ್ದೇನೆ. ಅದರ ಹೆಸರು ಭೂಮಿ ಸವಕಳಿ ನಿಧಿ. ಪ್ರತಿವರ್ಷ ಮಾಲು ಮಾರಿ ಬಂದ ಹಣದಲ್ಲಿ ಒಂದು ಭಾಗವನ್ನು ಲಾಭ ಎಣಿಸುವ ಮೊದಲೇ ತೆಗೆದು ಆ ಖಾತೆಗೆ ಹಾಕುತ್ತೇನೆ. ಗೊಬ್ಬರ, ಒಡ್ಡು, ಮಣ್ಣು ಪರೀಕ್ಷೆಯ ಖರ್ಚೆಲ್ಲ ಅದರಿಂದಲೇ. ಯಾವ ಮಾನಕವೂ ಇದನ್ನು ಕೇಳುವುದಿಲ್ಲ. ಯಾವ ತೆರಿಗೆ ಅಧಿಕಾರಿಯೂ ಇದಕ್ಕೆ ರಿಯಾಯಿತಿ ಕೊಡುವುದಿಲ್ಲ. ನಮ್ಮ ಸದಸ್ಯರಲ್ಲಿ ಅನೇಕರಿಗೆ ಊರಿನಲ್ಲಿ ಜಮೀನುಂಟು. ಈ ವರ್ಷದ ಲೆಕ್ಕ ಮುಗಿಸುವ ಮುನ್ನ ತಮ್ಮ ಹೊಲದ ಮಣ್ಣನ್ನು ಒಮ್ಮೆ ಪರೀಕ್ಷೆ ಮಾಡಿಸಿ, ಬಂದ ಸಂಖ್ಯೆಯನ್ನು ವಹಿಯ ಮೊದಲ ಪುಟದಲ್ಲಿ ಬರೆದಿಡಬೇಕೆಂದು ವಿನಂತಿ. ಅಣ್ಣನವರು 2001ರಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಬರೆಯಲು ನನಗೆ ಹದಿನೈದು ವರ್ಷ ಹಿಡಿಯಿತು. ಓದುಗರಿಗೆ ಅಷ್ಟು ಕಾಲ ಹಿಡಿಯಬೇಕಾಗಿಲ್ಲ.